ಬೇಯರ್ ಮಾಡಿಟ್ಟ ಬಟ್ಟಲು: ಫ್ಲೋರೈಡ್ ಹಿಡಿಯುವ ಅಣು 110 ವರ್ಷ ಸುಮ್ಮನೆ ಕೂತಿದ್ದ ಕಥೆ

ಬೇಯರ್ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಹೆಚ್ಚಿನವರಿಗೆ ನೆನಪಾಗುವುದು ಮಾತ್ರೆ ಕಂಪನಿ. ನೊಬೆಲ್ ಬಹುಮಾನ ಪಡೆದ ವಿಜ್ಞಾನಿ ಬೇಯರ್ ಅವರೇ ಆಸ್ಪಿರಿನ್ ಕಂಪನಿ ಕಟ್ಟಿದವರು ಎಂದು ನಂಬಿದವರೂ ಇದ್ದಾರೆ. ಅದು ತಪ್ಪು. ಆ ಕಂಪನಿಯನ್ನು 1863ರಲ್ಲಿ ಶುರು ಮಾಡಿದ್ದು ಬಣ್ಣದ ವ್ಯಾಪಾರಿ ಫ್ರೀಡ್ರಿಕ್ ಬೇಯರ್ ಮತ್ತು ಅವರ ಪಾಲುದಾರ. ವಿಜ್ಞಾನಿಯ ಹೆಸರು ಅಡೋಲ್ಫ್ ಫಾನ್ ಬೇಯರ್. ಜರ್ಮನ್ ಭಾಷೆಯಲ್ಲಿ ಇಬ್ಬರ ಹೆಸರಿಗೂ ಒಂದು ಅಕ್ಷರದ ವ್ಯತ್ಯಾಸವಿದೆ. ಕನ್ನಡದಲ್ಲಿ ಬರೆದರೆ ಅದೂ ಮಾಯವಾಗುತ್ತದೆ!

ಇಂದು ಹೇಳಹೊರಟಿರುವುದು ಈ ಎರಡನೇ ಬೇಯರ್ ಅವರ ಕಥೆ. ನೀಲಿ ಬಣ್ಣವನ್ನು ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ್ದಕ್ಕೆ ಇವರು ಹೆಸರುವಾಸಿ. ಆದರೆ 1886ರಲ್ಲಿ ಇವರು ಇನ್ನೊಂದು ಬಿಳಿ ಹರಳನ್ನೂ ಮಾಡಿಟ್ಟರು. ಕುಡಿಯುವ ನೀರಿನಲ್ಲಿ ಹೆಚ್ಚಾದರೆ ಹಲ್ಲು ಮತ್ತು ಮೂಳೆ ಕೆಡಿಸುವ ಫ್ಲೋರೈಡನ್ನು ಗುರುತಿಸಿ ಹಿಡಿಯುವ ಶಕ್ತಿ ಆ ಹರಳಿನ ಅಣುವಿಗೆ ಇತ್ತು. ಅದು ಜಗತ್ತಿಗೆ ತಿಳಿದದ್ದು 1996ರಲ್ಲಿ. ಅಷ್ಟು ಹೊತ್ತಿಗೆ ಬೇಯರ್ ತೀರಿಕೊಂಡು 79 ವರ್ಷ ಆಗಿತ್ತು.

ಅಂಥ ದೊಡ್ಡ ಮೇಧಾವಿಗೆ ತಾನೇ ಮಾಡಿದ ವಸ್ತುವಿನ ಗುಣ ಯಾಕೆ ತಿಳಿಯಲಿಲ್ಲ? ಉತ್ತರ ಸ್ವಾರಸ್ಯವಾಗಿದೆ. ಫಾರ್ವರ್ಡ್ ಓದುವ ನಮಗೆಲ್ಲ ಅದರಲ್ಲಿ ಒಂದು ಪಾಠವೂ ಇದೆ.

ಮೊದಲು ಒಂದು ಚಿಕ್ಕ ವಿಷಯ: ಋಣ ಅಯಾನು ಎಂದರೇನು?

ಒಂದು ಲೋಟ ನೀರಿಗೆ ಅಡುಗೆ ಉಪ್ಪು ಹಾಕಿ ಕಲಸಿ. ಉಪ್ಪು ಕಾಣೆಯಾಗುತ್ತದೆ. ನಿಜವಾಗಿ ಅದು ಎಲ್ಲಿಯೂ ಹೋಗಿಲ್ಲ, ಎರಡು ಬಗೆಯ ಕಣಗಳಾಗಿ ಬೇರೆಯಾಗಿದೆ. ಸೋಡಿಯಂ ಕಣಕ್ಕೆ ಧನ ವಿದ್ಯುತ್ ಇರುತ್ತದೆ, ಕ್ಲೋರೈಡ್ ಕಣಕ್ಕೆ ಋಣ ವಿದ್ಯುತ್ ಇರುತ್ತದೆ. ಹೀಗೆ ವಿದ್ಯುತ್ ಹೊತ್ತ ಕಣಗಳಿಗೆ ಅಯಾನು ಎಂದು ಹೆಸರು. ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಸಲ್ಫೇಟ್, ಫಾಸ್ಫೇಟ್ ಇವೆಲ್ಲ ಋಣ ಅಯಾನುಗಳು. ನಮ್ಮ ಬೆವರಿನಲ್ಲಿ, ರಕ್ತದಲ್ಲಿ, ಹೊಲಕ್ಕೆ ಹಾಕುವ ಗೊಬ್ಬರದಲ್ಲಿ, ಬೋರ್‌ವೆಲ್ ನೀರಿನಲ್ಲಿ ಎಲ್ಲೆಲ್ಲೂ ಇವು ಇವೆ.

ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿ ಹಿಡಿಯುವುದು ಬಹಳ ಕಷ್ಟ. ಆಮೇಲೆ ಯಾಕೆ ಎಂದು ನೋಡೋಣ. ಈಗ ಬರ್ಲಿನ್‌ಗೆ ಹೋಗೋಣ.

ಹುಟ್ಟುಹಬ್ಬಕ್ಕೆ ನೀಲಿಯ ತುಂಡು

ಅಡೋಲ್ಫ್ ಬೇಯರ್ ಹುಟ್ಟಿದ್ದು 1835ರ ಅಕ್ಟೋಬರ್ 31ರಂದು, ಬರ್ಲಿನ್ ನಗರದಲ್ಲಿ. ತಂದೆ ಪ್ರಷ್ಯಾದ ಸೇನಾಧಿಕಾರಿ. ಯುದ್ಧಕ್ಕಿಂತ ಹೆಚ್ಚಾಗಿ ಭೂಮಿಯನ್ನು ಅಳೆಯುವ ಕೆಲಸದಲ್ಲಿ ಅವರು ಹೆಸರು ಮಾಡಿದ್ದರು. ಹಾಗಾಗಿ ಮನೆಯಲ್ಲಿ ಲೆಕ್ಕ ಮತ್ತು ಅಳತೆಗೆ ಕೊರತೆ ಇರಲಿಲ್ಲ. ಮಗನಿಗೆ ಹಿಡಿಸಿದ್ದು ಮಾತ್ರ ರಸಾಯನದ ಆಟ. ಹನ್ನೆರಡನೇ ವಯಸ್ಸಿನಲ್ಲೇ ಅವನು ತಾಮ್ರದ ಒಂದು ಹೊಸ ಜೋಡಿ ಲವಣವನ್ನು ತಯಾರಿಸಿದ್ದ.

ಹದಿಮೂರನೇ ಹುಟ್ಟುಹಬ್ಬಕ್ಕೆ ಎರಡು ಥಾಲರ್ ಕೊಟ್ಟು ಅವನು ಒಂದು ತುಂಡು ನೀಲಿಯನ್ನು ಕೊಂಡ. ಬಟ್ಟೆಗೆ ಹಾಕುವ, ಗಿಡದಿಂದ ತೆಗೆಯುವ ಅದೇ ನೀಲಿ. ಆ ಕಾಲದಲ್ಲಿ ಯುರೋಪಿಗೆ ಬರುತ್ತಿದ್ದ ನೀಲಿಯಲ್ಲಿ ದೊಡ್ಡ ಪಾಲು ಭಾರತದ ಹೊಲಗಳದ್ದು. ಆ ತುಂಡು ಮುಂದೆ ಅವನ ಬದುಕನ್ನೇ ಹಿಡಿದುಕೊಂಡಿತು.

ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಮೊದಲು ಓದಿದ್ದು ಗಣಿತ ಮತ್ತು ಭೌತಶಾಸ್ತ್ರ. ನಡುವೆ ಸೇನೆಯಲ್ಲಿ ಕಡ್ಡಾಯ ಸೇವೆ. 1856ರಲ್ಲಿ ರಸಾಯನವಿಜ್ಞಾನ ಕಲಿಯಲು ಹೈಡೆಲ್‌ಬರ್ಗ್‌ಗೆ ಹೋದರು. ಅಲ್ಲಿ ಗುರುವಾಗಿದ್ದವರು ರಾಬರ್ಟ್ ಬುನ್ಸೆನ್. ಹೌದು, ಶಾಲೆಯ ಲ್ಯಾಬಿನಲ್ಲಿ ನಾವು ಹಚ್ಚುತ್ತಿದ್ದ ಬರ್ನರ್‌ಗೆ ಹೆಸರು ಕೊಟ್ಟ ಬುನ್ಸೆನ್ ಅವರೇ. ಅವರೊಂದಿಗೆ ಬೇಯರ್‌ಗೆ ಹೊಂದಾಣಿಕೆ ಆಗಲಿಲ್ಲ. ಅದೇ ಊರಿನಲ್ಲಿ ಚಿಕ್ಕದೊಂದು ಖಾಸಗಿ ಲ್ಯಾಬ್ ಇಟ್ಟುಕೊಂಡಿದ್ದ ಆಗಸ್ಟ್ ಕೆಕುಲೆ ಅವರ ಬಳಿ ಸೇರಿಕೊಂಡರು. ಇಂಗಾಲದ ಪರಮಾಣುವಿಗೆ ನಾಲ್ಕು ಕೈಗಳಿವೆ, ಅವು ಒಂದಕ್ಕೊಂದು ಕೈ ಹಿಡಿದು ಸರಪಳಿಯಾಗಬಲ್ಲವು ಎಂದು ಹೇಳಿದವರು ಕೆಕುಲೆ. ಅಣುವಿಗೂ ಒಂದು ಆಕಾರ ಇದೆ ಎಂಬ ಯೋಚನೆ ಬೇಯರ್ ಅವರ ತಲೆಗೆ ಹೊಕ್ಕದ್ದು ಇಲ್ಲಿ.

ಬಾರ್ಬರಾ ಯಾರು?

1860ರಿಂದ ಹನ್ನೆರಡು ವರ್ಷ ಬೇಯರ್ ಬರ್ಲಿನ್‌ನ ಒಂದು ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಪಾಠ ಮಾಡಿದರು. 1868ರಲ್ಲಿ ಅಡೆಲ್‌ಹೈಡ್ ಬೆಂಡೆಮಾನ್ ಅವರನ್ನು ಮದುವೆಯಾದರು. ಒಬ್ಬ ಮಗಳು, ಇಬ್ಬರು ಗಂಡು ಮಕ್ಕಳು.

ಇಲ್ಲಿದ್ದಾಗಲೇ, 1864ರಲ್ಲಿ, ಅವರು ಬಾರ್ಬಿಟ್ಯೂರಿಕ್ ಆಮ್ಲ ಎಂಬ ವಸ್ತುವನ್ನು ಮಾಡಿದರು. ಆ ಹೆಸರು ಬಾರ್ಬರಾ ಎಂಬ ಗೆಳತಿಯದ್ದು ಎಂದು ಒಂದು ಕಥೆ ಓಡಾಡುತ್ತದೆ. ಸಂತ ಬಾರ್ಬರಾಳ ಹಬ್ಬದ ದಿನ ಸೈನಿಕರ ಜೊತೆ ಕೂತಿದ್ದಾಗ ಹೊಳೆದ ಹೆಸರು ಎಂದು ಇನ್ನೊಂದು ಕಥೆ. ಎರಡಕ್ಕೂ ಗಟ್ಟಿ ಪುರಾವೆ ಇಲ್ಲ. ಬೇಯರ್ ನಿದ್ರೆ ಮಾತ್ರೆ ಕಂಡುಹಿಡಿದರು ಎನ್ನುವುದೂ ಪೂರ್ತಿ ಸರಿಯಲ್ಲ. ಅವರು ಮಾಡಿದ ಆಮ್ಲಕ್ಕೆ ನಿದ್ರೆ ಬರಿಸುವ ಗುಣವೇ ಇಲ್ಲ. ಅದೇ ಕುಟುಂಬದ ಬಾರ್ಬಿಟಾಲ್ ಎಂಬ ನಿದ್ರೆ ಔಷಧಿ ಬಂದದ್ದು 1903ರಲ್ಲಿ. ಅದನ್ನು ತಂದವರಲ್ಲಿ ಒಬ್ಬರು ಬೇಯರ್ ಅವರ ಶಿಷ್ಯ ಎಮಿಲ್ ಫಿಶರ್. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1871ರಲ್ಲಿ ಬೇಯರ್ ಇನ್ನೊಂದು ವಸ್ತು ಮಾಡಿದರು: ಫ್ಲೋರೆಸೀನ್. ಕಣ್ಣಿಗೆ ಕಸ ಬಿದ್ದು ಡಾಕ್ಟರ ಹತ್ತಿರ ಹೋದಾಗ ಹಳದಿ ಬಣ್ಣ ಹಾಕಿ, ನೀಲಿ ಬೆಳಕು ಬಿಟ್ಟು, ಗೀರು ಎಲ್ಲಿದೆ ಎಂದು ನೋಡುತ್ತಾರಲ್ಲ, ಆ ಬಣ್ಣ ಇದೇ. ಹೆಸರು ಕೇಳಿ ಇದಕ್ಕೂ ಫ್ಲೋರೈಡ್‌ಗೂ ನಂಟಿದೆ ಎಂದುಕೊಳ್ಳಬೇಡಿ. ಫ್ಲೋರೆಸೀನ್‌ನಲ್ಲಿ ಫ್ಲೋರಿನ್ ಇಲ್ಲವೇ ಇಲ್ಲ.

ನೀಲಿ ಗೆದ್ದರು, ಚಂಪಾರಣ್‌ವರೆಗೆ ಅದರ ಬಿಸಿ

1872ರಲ್ಲಿ ಸ್ಟ್ರಾಸ್‌ಬರ್ಗ್, 1875ರಲ್ಲಿ ಮ್ಯೂನಿಕ್. ಮ್ಯೂನಿಕ್‌ನಲ್ಲಿ ಬೇಯರ್ ಕೂತದ್ದು ಯುಸ್ಟುಸ್ ಫಾನ್ ಲೀಬಿಗ್ ಎಂಬ ಮಹಾ ರಸಾಯನವಿಜ್ಞಾನಿ ಕೂತಿದ್ದ ಜಾಗದಲ್ಲಿ. ಅಲ್ಲಿಂದ ಸುಮಾರು ನಲವತ್ತು ವರ್ಷ ಅವರು ಕದಲಲಿಲ್ಲ.

1865ರಲ್ಲೇ ಶುರು ಮಾಡಿದ್ದ ನೀಲಿಯ ಕೆಲಸ ಇಲ್ಲಿ ಕೈಗೂಡಿತು. 1880ರ ಹೊತ್ತಿಗೆ ಗಿಡವೇ ಇಲ್ಲದೆ ನೀಲಿ ಮಾಡುವ ದಾರಿ ಸಿಕ್ಕಿತು. 1883ರಲ್ಲಿ ನೀಲಿಯ ಅಣುವಿನ ರಚನೆಯನ್ನೂ ಹೇಳಿದರು. ಆದರೆ ಅವರ ದಾರಿ ದುಬಾರಿ. ಕಾರ್ಖಾನೆಯಲ್ಲಿ ಮಾಡಿದ ನೀಲಿ ಮಾರುಕಟ್ಟೆಗೆ ಬಂದದ್ದು 1897ರಲ್ಲಿ, ಬೇರೊಬ್ಬರು ಹುಡುಕಿದ ಅಗ್ಗದ ದಾರಿಯಲ್ಲಿ. ಆಮೇಲೆ ಭಾರತದ ನೀಲಿಯ ಬೇಡಿಕೆ ಕುಸಿಯಿತು. ಬಿಹಾರದ ಚಂಪಾರಣ್‌ನಲ್ಲಿ ಬಿಳಿಯ ತೋಟಗಾರರು ತಮ್ಮ ನಷ್ಟವನ್ನು ಗೇಣಿ ಹೆಚ್ಚಿಸಿ ರೈತರ ಮೇಲೆ ಹೊರಿಸಿದರು. ಗಾಂಧೀಜಿ ಅಲ್ಲಿಗೆ ಹೋದದ್ದು 1917ರ ಏಪ್ರಿಲ್‌ನಲ್ಲಿ. ಬೇಯರ್ ತೀರಿಕೊಂಡದ್ದೂ ಅದೇ ವರ್ಷ.

ಲ್ಯಾಬಿನಲ್ಲಿ ಬೇಯರ್ ತುಂಬ ಸರಳ. ದೊಡ್ಡ ಯಂತ್ರಗಳೆಂದರೆ ಅವರಿಗೆ ಆಗದು. ಪ್ರಣಾಳ, ಗಾಜಿನ ಕಡ್ಡಿ, ಸ್ವಲ್ಪ ಶಾಖ ಇಷ್ಟೇ ಸಾಕು. ಒಂದು ದ್ರವಕ್ಕೆ ಇನ್ನೊಂದು ಹಾಕು, ಅಲುಗಾಡಿಸು, ಏನಾಗುತ್ತದೆ ನೋಡು. ಎರಡು ವಸ್ತು ಸೇರಿಸಿ ಹೊಸ ವಸ್ತು ಪಡೆಯುವುದರಲ್ಲಿ ಅವರದು ಪಳಗಿದ ಕೈ. ನಮ್ಮ ಕಥೆಯ ಬಿಳಿ ಹರಳು ಬಂದದ್ದೂ ಹೀಗೆಯೇ.

1885: ದೊಡ್ಡ ಉಂಗುರ ಗಟ್ಟಿಯಲ್ಲ ಎಂದ ಲೆಕ್ಕ

1885ರಲ್ಲಿ ಬೇಯರ್ ಅವರಿಗೆ ಐವತ್ತು ತುಂಬಿತು. ರಾಜಮನ್ನಣೆ ಸಿಕ್ಕಿ ಹೆಸರಿಗೆ ಫಾನ್ ಸೇರಿಕೊಂಡಿತು. ಅದೇ ವರ್ಷ ಅವರು ಒಂದು ಪ್ರಸಿದ್ಧ ಲೆಕ್ಕವನ್ನೂ ಮುಂದಿಟ್ಟರು.

ಬುಟ್ಟಿ ಹೆಣೆಯುವವರು ಬಿದಿರಿನ ಸೀಳು ಬಗ್ಗಿಸುವುದನ್ನು ನೋಡಿದ್ದೀರಾ? ಅದಕ್ಕೆ ಒಪ್ಪುವಷ್ಟು ಬಗ್ಗಿಸಿದರೆ ಸುಮ್ಮನಿರುತ್ತದೆ. ಮೀರಿ ಬಗ್ಗಿಸಿದರೆ ಚಟ್ಟನೆ ಚಿಮ್ಮುತ್ತದೆ. ಇಂಗಾಲದ ಕೈಗಳೂ ಹಾಗೆ. ಎರಡು ಕೈಗಳ ನಡುವೆ ಸುಮಾರು 109.5 ಡಿಗ್ರಿ ಕೋನ ಇದ್ದರೆ ಅದಕ್ಕೆ ಹಾಯಿ. ಮೂರು ಇಂಗಾಲ ಸೇರಿ ತ್ರಿಕೋನವಾದರೆ ಕೋನ 60 ಡಿಗ್ರಿಗೆ ಇಳಿಯುತ್ತದೆ, ಎಳೆತ ಹೆಚ್ಚು. ಐದರ ಉಂಗುರದಲ್ಲಿ 108 ಡಿಗ್ರಿ, ಎಳೆತ ಇಲ್ಲವೆನ್ನುವಷ್ಟು ಕಡಿಮೆ. ಆರಾದರೆ 120. ಇದನ್ನೇ ಮುಂದುವರಿಸಿದರೆ ಉಂಗುರ ದೊಡ್ಡದಾದಷ್ಟೂ ಎಳೆತ ಮತ್ತೆ ಏರುತ್ತದೆ. ಅಂದರೆ ದೊಡ್ಡ ಉಂಗುರದ ಅಣುಗಳು ಗಟ್ಟಿಯಾಗಿ ನಿಲ್ಲಲಾರವು.

ಚಿಕ್ಕ ಉಂಗುರಗಳ ವಿಷಯದಲ್ಲಿ ಈ ಲೆಕ್ಕ ಇಂದಿಗೂ ಸರಿ. ದೊಡ್ಡ ಉಂಗುರಗಳ ವಿಷಯದಲ್ಲಿ ತಪ್ಪು. ಎಲ್ಲ ಉಂಗುರಗಳೂ ಬಳೆಯ ಹಾಗೆ ಚಪ್ಪಟೆ ಎಂದು ಬೇಯರ್ ಅಂದುಕೊಂಡಿದ್ದರು. ನಿಜವಾಗಿ ದೊಡ್ಡ ಉಂಗುರಗಳು ದಾರದ ಕುಣಿಕೆಯ ಹಾಗೆ ಮೇಲೆ ಕೆಳಗೆ ಮಡಚಿಕೊಂಡು ಎಳೆತ ಕಳೆದುಕೊಳ್ಳುತ್ತವೆ.

ಇದಕ್ಕೆ ಚಂದದ ಸಾಕ್ಷಿ ಸಿಕ್ಕಿದ್ದು ಸುಗಂಧದಿಂದ. 1920ರ ದಶಕದಲ್ಲಿ ಲಿಯೊಪೋಲ್ಡ್ ರುಝಿಚ್ಕಾ ಎಂಬ ವಿಜ್ಞಾನಿ ಕಸ್ತೂರಿಯ ಪರಿಮಳದ ಅಣುವಿನಲ್ಲಿ 15 ಇಂಗಾಲಗಳ ಉಂಗುರ ಇದೆ, ಪುನುಗಿನ ಅಣುವಿನಲ್ಲಿ 17ರ ಉಂಗುರ ಇದೆ ಎಂದು ತೋರಿಸಿದರು. ಮೃಗದ ಮೈಯಲ್ಲೇ ದೊಡ್ಡ ಉಂಗುರಗಳು ನೆಮ್ಮದಿಯಾಗಿ ಇದ್ದವು!

1886: ಪ್ರಣಾಳದಲ್ಲಿ ಬಿಳಿ ಹರಳು

ಇನ್ನೂ ದೊಡ್ಡ ಸಾಕ್ಷಿ ಸ್ವತಃ ಬೇಯರ್ ಕೈಯಲ್ಲೇ ಇತ್ತು, ಲೆಕ್ಕ ಪ್ರಕಟಿಸಿದ ಮರುವರ್ಷವೇ.

1886ರಲ್ಲಿ ಅವರು ಪಿರೋಲ್ ಎಂಬ ದ್ರವವನ್ನು ಅಸಿಟೋನ್ ಜೊತೆ ಸೇರಿಸಿದರು. ಅಸಿಟೋನ್ ಅಂದರೆ ಉಗುರಿನ ಬಣ್ಣ ತೆಗೆಯಲು ಬಳಸುತ್ತಾರಲ್ಲ, ಆ ಘಾಟು ದ್ರವ. ಪಿರೋಲ್ ಎಂದರೆ ನಾಲ್ಕು ಇಂಗಾಲ, ಒಂದು ಸಾರಜನಕ ಸೇರಿದ ಪುಟ್ಟ ಉಂಗುರ. ನಮ್ಮ ರಕ್ತದ ಕೆಂಪಿನಲ್ಲೂ ಎಲೆಯ ಹಸಿರಿನಲ್ಲೂ ಇಂಥ ನಾಲ್ಕು ಪಿರೋಲ್‌ಗಳು ಕೈ ಹಿಡಿದು ನಿಂತಿವೆ. ಮಿಶ್ರಣಕ್ಕೆ ಆಮ್ಲ ಸೇರಿಸಿದಾಗ ಬಿಳಿ ಹರಳು ಬಂತು.

ಬೇಯರ್ ಒಂದು ಚಿಕ್ಕ ವರದಿ ಬರೆದರು. ವಸ್ತು ಹೊಸದು ಎಂದು ತಿಳಿದಿತ್ತು. ಅದರೊಳಗೆ ನಾಲ್ಕು ಪಿರೋಲ್‌ಗಳು ನಾಲ್ಕು ಇಂಗಾಲದ ಕೊಂಡಿಗಳಿಂದ ಸೇರಿ, 16 ಪರಮಾಣುಗಳ ದೊಡ್ಡ ಉಂಗುರವಾಗಿವೆ ಎಂಬುದು ತಿಳಿಯಲಿಲ್ಲ. ದೊಡ್ಡ ಉಂಗುರಕ್ಕೆ ಎಳೆತ ಹೆಚ್ಚು ಎಂದು ಬರೆದ ಕೈಯೇ ಒಂದು ದೊಡ್ಡ, ಗಟ್ಟಿ ಉಂಗುರವನ್ನು ಮಾಡಿ ಬಾಟಲಿಗೆ ಹಾಕಿತ್ತು.

ಇದನ್ನು ಓದಿ ಬೇಯರ್ ದಡ್ಡತನ ಮಾಡಿದರು ಎಂದುಕೊಳ್ಳುವುದು ಸುಲಭ. ಆದರೆ ಆ ಕಾಲದಲ್ಲಿ ಏನೇನು ಇರಲಿಲ್ಲ ಎಂದು ನೋಡಿ.

ಉಪ್ಪು ನೀರಿನಲ್ಲಿ ಅಯಾನುಗಳಾಗಿ ಬೇರೆಯಾಗುತ್ತದೆ ಎಂಬ ಸಿದ್ಧಾಂತವನ್ನು ಸ್ವೀಡನ್‌ನ ಅರ್ಹೇನಿಯಸ್ ಪೂರ್ಣ ರೂಪದಲ್ಲಿ ಪ್ರಕಟಿಸಿದ್ದು 1887ರಲ್ಲಿ. ಬಹಳ ಜನ ಅದನ್ನು ಕೂಡಲೇ ಒಪ್ಪಲಿಲ್ಲ. ಹರಳಿನ ಒಳಗೆ ಪರಮಾಣುಗಳು ಎಲ್ಲಿವೆ ಎಂದು ಎಕ್ಸ್-ರೇಯಿಂದ ತಿಳಿಯಬಹುದೆಂದು ಗೊತ್ತಾದದ್ದು 1912ರಲ್ಲಿ. ಅದೂ ಬೇಯರ್ ಇದ್ದ ಮ್ಯೂನಿಕ್ ನಗರದಲ್ಲೇ! ಇಂಥ ಅಣು ಋಣ ಅಯಾನನ್ನು ಹಿಡಿಯಲು ಬಳಸುವ ಹೈಡ್ರೋಜನ್ ಬಂಧದ ಯೋಚನೆ ಸ್ಪಷ್ಟವಾದದ್ದು 1920ರಲ್ಲಿ. ಬಟ್ಟಲು ತಯಾರಿತ್ತು. ಅದರಲ್ಲಿ ಏನು ತುಂಬಬಹುದು ಎಂದು ಕೇಳಲು ಬೇಕಾದ ಪದಗಳೇ ಇನ್ನೂ ಹುಟ್ಟಿರಲಿಲ್ಲ.

ಬೀಗ ಮತ್ತು ಕೀಲಿಕೈ

ಆ ಪದಗಳಲ್ಲಿ ಒಂದು ಬೇಯರ್ ಶಿಷ್ಯರಿಂದಲೇ ಬಂತು. ಎಮಿಲ್ ಫಿಶರ್ 1894ರಲ್ಲಿ ಒಂದು ಹೋಲಿಕೆ ಕೊಟ್ಟರು. ನಮ್ಮ ಮೈಯಲ್ಲಿರುವ ಕಿಣ್ವಗಳು ತಮಗೆ ಬೇಕಾದ ಅಣುವನ್ನು ಹೇಗೆ ಗುರುತಿಸುತ್ತವೆ? ಬೀಗಕ್ಕೆ ತನ್ನ ಕೀಲಿಕೈ ಮಾತ್ರ ಹೊಂದುವ ಹಾಗೆ, ಆಕಾರದಿಂದ. ಅಣುಗಳು ಒಂದನ್ನೊಂದು ಗುರುತಿಸುತ್ತವೆ ಎಂಬ ಇಡೀ ವಿಜ್ಞಾನಕ್ಕೆ ಈ ಹೋಲಿಕೆ ಬುನಾದಿ.

ಶಿಷ್ಯ ಫಿಶರ್‌ಗೆ 1902ರಲ್ಲಿ ನೊಬೆಲ್ ಬಂತು. ಗುರು ಬೇಯರ್‌ಗೆ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ, ಬಣ್ಣಗಳು ಮತ್ತು ಉಂಗುರದ ಅಣುಗಳ ಕೆಲಸಕ್ಕಾಗಿ. ಆಗ ಅವರಿಗೆ ಎಪ್ಪತ್ತು. ಹುಷಾರಿಲ್ಲದ ಕಾರಣ ಸ್ಟಾಕ್‌ಹೋಮ್‌ಗೆ ಹೋಗಲಾಗಲಿಲ್ಲ. ಇನ್ನೊಬ್ಬ ಶಿಷ್ಯ ಎಡ್ವರ್ಡ್ ಬುಕ್ನರ್‌ಗೆ 1907ರಲ್ಲಿ ಅದೇ ಬಹುಮಾನ ಸಿಕ್ಕಿತು.

ಎಂಬತ್ತನೇ ವಯಸ್ಸಿನವರೆಗೂ ಬೇಯರ್ ಮ್ಯೂನಿಕ್‌ನಲ್ಲಿ ಕೆಲಸ ಮಾಡಿದರು. 1916ರಲ್ಲಿ ರಷ್ಯಾದ ಚೆಲಿಂತ್ಸೆವ್ ಮತ್ತು ಟ್ರೊನೊವ್ ಎಂಬ ವಿಜ್ಞಾನಿಗಳು ಆ ಹಳೆಯ ಬಿಳಿ ಹರಳಿನಲ್ಲಿ ನಾಲ್ಕು ಪಿರೋಲ್‌ಗಳ ಉಂಗುರ ಇರಬಹುದು ಎಂದು ಸೂಚಿಸಿದರು. ಆಗ ಮೊದಲನೇ ಮಹಾಯುದ್ಧ ನಡೆಯುತ್ತಿತ್ತು, ರಷ್ಯಾ ಮತ್ತು ಜರ್ಮನಿ ಎದುರಾಳಿಗಳು. 1917ರ ಆಗಸ್ಟ್ 13ರಂದು ಶಿಷ್ಯ ಬುಕ್ನರ್ ಯುದ್ಧದಲ್ಲಿ ಗಾಯಗೊಂಡು ಸತ್ತರು. ಒಂದು ವಾರದ ಬಳಿಕ, ಆಗಸ್ಟ್ 20ರಂದು, ಮ್ಯೂನಿಕ್ ಹತ್ತಿರದ ಸ್ಟಾರ್ನ್‌ಬರ್ಗ್‌ನಲ್ಲಿ ಬೇಯರ್ ಕಣ್ಣು ಮುಚ್ಚಿದರು.

ಎಂಬತ್ತು ವರ್ಷಗಳ ನಂತರ

ಬೇಯರ್ ಹೋದ ಮೇಲೆ ಅವರ ಹರಳನ್ನು ಆಗಾಗ ಯಾರಾದರೂ ಮತ್ತೆ ಮಾಡುತ್ತಿದ್ದರು. ಆದರೆ ಅದರಿಂದ ಏನು ಉಪಯೋಗ ಎಂದು ಯಾರಿಗೂ ಹೊಳೆಯಲಿಲ್ಲ.

ಈ ನಡುವೆ ದೊಡ್ಡ ಉಂಗುರಗಳಿಗೆ ಒಳ್ಳೆಯ ಕಾಲ ಬಂತು. 1967ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿದ್ದ ಚಾರ್ಲ್ಸ್ ಪೆಡರ್‌ಸನ್ ಅವರು ಕಿರೀಟದ ಆಕಾರದ ಉಂಗುರಗಳು ಸೋಡಿಯಂ, ಪೊಟ್ಯಾಸಿಯಂಗಳಂಥ ಧನ ಅಯಾನುಗಳನ್ನು ನಡುವಿನಲ್ಲಿ ಕೂರಿಸಿಕೊಳ್ಳುವುದನ್ನು ತೋರಿಸಿದರು. ಇದಕ್ಕೆ 1987ರಲ್ಲಿ ಅವರಿಗೂ ಡೊನಾಲ್ಡ್ ಕ್ರಾಮ್, ಜಾನ್-ಮಾರಿ ಲೆನ್ ಅವರಿಗೂ ನೊಬೆಲ್ ಬಂತು. ಅದೇ ಡ್ಯೂಪಾಂಟ್‌ನಲ್ಲಿ 1968ರಲ್ಲಿ ಪಾರ್ಕ್ ಮತ್ತು ಸಿಮ್ಮನ್ಸ್ ಎಂಬ ಇಬ್ಬರು ಪಂಜರದಂಥ ಅಣುವೊಂದು ಕ್ಲೋರೈಡನ್ನು ಒಳಗೆ ಹಿಡಿಯುವುದನ್ನು ಕಂಡರು. ಮನುಷ್ಯ ಮಾಡಿದ ಅಣು ಋಣ ಅಯಾನನ್ನು ತನ್ನೊಳಗೆ ಹಿಡಿದ ಮೊದಮೊದಲ ಉದಾಹರಣೆ ಇದು.

ಆದರೂ ಋಣ ಅಯಾನುಗಳ ಕೆಲಸ ನಿಧಾನವಾಗಿ ಸಾಗಿತು. ಯಾಕೆಂದರೆ ಅವು ಹಠಮಾರಿ.

ಮೊದಲನೆಯದಾಗಿ, ಅವು ಗಾತ್ರದಲ್ಲಿ ದೊಡ್ಡವು. ಸೋಡಿಯಂ ಅಯಾನಿಗೂ ಫ್ಲೋರೈಡ್ ಅಯಾನಿಗೂ ತಲಾ 10 ಎಲೆಕ್ಟ್ರಾನುಗಳು, ಆದರೂ ಫ್ಲೋರೈಡ್ ದೊಡ್ಡದು. ಎರಡನೆಯದಾಗಿ, ಆಕಾರ ಬೇರೆ ಬೇರೆ. ಕ್ಲೋರೈಡ್ ಗೋಲಿಯ ಹಾಗೆ ಗುಂಡಗೆ, ನೈಟ್ರೇಟ್ ಚಪ್ಪಟೆ ತ್ರಿಕೋನ, ಫಾಸ್ಫೇಟ್ ನಾಲ್ಕು ಮೂಲೆಯದು. ಮೂರನೆಯದು ಎಲ್ಲಕ್ಕಿಂತ ದೊಡ್ಡ ತೊಡಕು: ನೀರು. ನೀರಿನ ಅಣುಗಳು ಋಣ ಅಯಾನನ್ನು ಸುತ್ತುವರಿದು ಬಿಗಿಯಾಗಿ ಅಪ್ಪಿಕೊಂಡಿರುತ್ತವೆ, ಫ್ಲೋರೈಡನ್ನಂತೂ ಬಹಳ ಬಿಗಿಯಾಗಿ. ಆ ಅಪ್ಪುಗೆಯಿಂದ ಬಿಡಿಸಿಕೊಂಡು ಬರಬೇಕಾದರೆ ಹಿಡಿಯುವ ಅಣು ನೀರಿಗಿಂತ ಗಟ್ಟಿಗನಾಗಿರಬೇಕು.

1996ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ಸೆಸ್ಲರ್, ಫಿಲಿಪ್ ಗೇಲ್ ಮತ್ತು ಸಂಗಡಿಗರು ಬೇಯರ್ ಅವರ 1886ರ ಹರಳನ್ನು ಮತ್ತೆ ಕೈಗೆತ್ತಿಕೊಂಡರು. ಈ ಸಲ ಕೇಳಿದ ಪ್ರಶ್ನೆ ಬೇರೆ: ಇದು ಋಣ ಅಯಾನನ್ನು ಹಿಡಿಯುತ್ತದೆಯೇ? ಹಿಡಿಯಿತು. ಡೈಕ್ಲೋರೋಮೀಥೇನ್ ಎಂಬ ದ್ರವದಲ್ಲಿ ಮಾಡಿದ ಆ ಮೊದಲ ಅಳತೆಗಳಲ್ಲಿ ಕ್ಲೋರೈಡ್‌ಗಿಂತ ಫ್ಲೋರೈಡನ್ನು ಸುಮಾರು 50 ಪಟ್ಟು ಬಲವಾಗಿ ಹಿಡಿಯಿತು. ಅದಕ್ಕೆ ಕ್ಯಾಲಿಕ್ಸ್‌ಪಿರೋಲ್ ಎಂದು ಹೊಸ ಹೆಸರಿಟ್ಟರು. ಕ್ಯಾಲಿಕ್ಸ್ ಎಂದರೆ ಬಟ್ಟಲು.

ಬಟ್ಟಲು ಹಿಡಿಯುವುದು ಹೇಗೆ?

ನಿಮ್ಮ ಕೈಯನ್ನೇ ನೋಡಿಕೊಳ್ಳಿ. ಮೇಜಿನ ಮೇಲೆ ಒಂದು ಗೋಲಿ ಇದೆ. ಕೈ ಖಾಲಿ ಇದ್ದಾಗ ಬೆರಳುಗಳು ಅಡ್ಡಾದಿಡ್ಡಿಯಾಗಿ ಇರುತ್ತವೆ. ಗೋಲಿ ಎತ್ತುವಾಗ ನಾಲ್ಕು ಬೆರಳ ತುದಿಗಳು ಅದರ ಸುತ್ತ ಕೂಡಿಕೊಳ್ಳುತ್ತವೆ.

ಬೇಯರ್ ಅವರ ಅಣು ಮಾಡುವುದೂ ಇದನ್ನೇ. ಖಾಲಿ ಇರುವಾಗ ಅದರ ನಾಲ್ಕು ಪಿರೋಲ್‌ಗಳಲ್ಲಿ ಒಂದು ಮೇಲಕ್ಕೆ, ಪಕ್ಕದ್ದು ಕೆಳಕ್ಕೆ, ಹೀಗೆ ಒಂದು ಬಿಟ್ಟು ಒಂದು ತಿರುಗಿ ಕೂತಿರುತ್ತವೆ. ಫ್ಲೋರೈಡ್ ಬಂದ ಕೂಡಲೇ ನಾಲ್ಕೂ ಒಂದೇ ಕಡೆ ತಿರುಗುತ್ತವೆ. ಪ್ರತಿ ಪಿರೋಲ್‌ನ ಸಾರಜನಕದ ತುದಿಯಲ್ಲಿ ಒಂದು ಹೈಡ್ರೋಜನ್ ಇದೆ. ಅದಕ್ಕೆ ಸ್ವಲ್ಪ ಧನ ಗುಣ. ನಾಲ್ಕು ಹೈಡ್ರೋಜನ್‌ಗಳೂ ಋಣ ಅಯಾನಿನ ಕಡೆ ಚಾಚಿ ಅದನ್ನು ಹಿಡಿಯುತ್ತವೆ. ಆಗ ಅಣುವಿನ ಉಳಿದ ಭಾಗ ಬಟ್ಟಲಿನ ಹಾಗೆ ಬಾಗುತ್ತದೆ. ಇಲ್ಲಿ ಅಂಟಿಕೊಂಡು ಹೋಗುವ ಶಾಶ್ವತ ಬಂಧ ಇಲ್ಲ. ಹಿಡಿತವನ್ನು ಬಿಡಿಸಲೂಬಹುದು.

ರಕ್ತದ ಕೆಂಪು ಅಣುವಿನಲ್ಲೂ ನಾಲ್ಕು ಪಿರೋಲ್‌ಗಳ ಉಂಗುರವೇ ಇದೆ ಎಂದೆವಲ್ಲ? ಅದು ತನ್ನ ಸಾರಜನಕಗಳಿಂದ ಕಬ್ಬಿಣದ ಧನ ಅಯಾನನ್ನು ಹಿಡಿಯುತ್ತದೆ. ಬೇಯರ್ ಅವರ ಉಂಗುರ ಅದರ ದಾಯಾದಿ. ಅದು ಹಿಡಿಯುವುದು ಋಣ ಅಯಾನನ್ನು.

ಹಾಗಾದರೆ ಫ್ಲೋರೈಡ್ ಫಿಲ್ಟರ್ ಸಿಕ್ಕಿತೇ?

ಫಾರ್ವರ್ಡ್ ಮಾಡುವ ಮುಂಚೆ ಇಲ್ಲಿ ನಿಲ್ಲಿ. ಇಲ್ಲಿಯವರೆಗೆ ಓದಿ, ಫ್ಲೋರೈಡ್ ತೆಗೆಯುವ ಪವಾಡದ ಅಣು ಎಂದು ಶೀರ್ಷಿಕೆ ಹಾಕಿ ಕಳಿಸಲು ಯಾರಿಗಾದರೂ ಮನಸ್ಸಾದೀತು.

1996ರ ಅಳತೆಗಳು ನೀರಿನಲ್ಲಿ ಮಾಡಿದವಲ್ಲ. ಬೇಯರ್ ಅವರ ಮೂಲ ಅಣು ನೀರಿನಲ್ಲಿ ಕರಗುವುದಿಲ್ಲ. ನೀರಿನ ಅಪ್ಪುಗೆಯಿಂದ ಫ್ಲೋರೈಡನ್ನು ಕಸಿಯುವುದೂ ಅದೊಂದಕ್ಕೇ ಕಷ್ಟ. ಈ ಬಟ್ಟಲನ್ನೂ ಪೆಡರ್‌ಸನ್ ಅವರ ಕಿರೀಟದ ಉಂಗುರವನ್ನೂ ಒಂದೇ ಪ್ಲಾಸ್ಟಿಕ್ ಸರಪಳಿಗೆ ಪೋಣಿಸಿ, ನೀರಿನಿಂದ ಪೊಟ್ಯಾಸಿಯಂ ಫ್ಲೋರೈಡ್ ಲವಣವನ್ನು ಹೊರತೆಗೆದ ಪ್ರಯೋಗಗಳು ನಡೆದಿವೆ. ಫ್ಲೋರೈಡ್ ಕಂಡರೆ ಬಣ್ಣ ಬದಲಿಸುವ ಬಟ್ಟಲುಗಳನ್ನೂ ಮಾಡಿದ್ದಾರೆ. ಜೀವಕೋಶದ ಗೋಡೆಯ ಮೂಲಕ ಕ್ಲೋರೈಡ್ ಸಾಗಿಸಲು ಇವನ್ನು ಬಳಸಬಹುದೇ ಎಂದು ಹುಡುಕಾಟ ಇದೆ. ಇವೆಲ್ಲ ಪ್ರಯೋಗಾಲಯದ ಕೆಲಸಗಳು. ಮನೆಯ ನಲ್ಲಿಗೆ ಸಿಕ್ಕಿಸುವ ವಸ್ತುವಲ್ಲ.

ಕರ್ನಾಟಕದವರಿಗೆ ಇದು ದೂರದ ವಿಷಯವೂ ಅಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಗದಗದ ಮುಂಡರಗಿ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಹಲ್ಲಿನ ಮೇಲೆ ಕಂದು ಪಟ್ಟೆ, ವರ್ಷಗಟ್ಟಲೆ ಕುಡಿದ ಮೇಲೆ ಮೂಳೆ ಬಿಗಿತ, ಬಾಗಿದ ಬೆನ್ನು ಇದರ ಫಲ. ಭಾರತದ ಮಾನದಂಡದ ಪ್ರಕಾರ ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೂ 1.5 ದಾಟಬಾರದು.

ಹಂಚಿಕೊಳ್ಳುವ ಮುನ್ನ ಇಷ್ಟು ನೆನಪಿಡಿ

• ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ: ಸುಳ್ಳು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಉಳಿಯುತ್ತದೆ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

• ನೀರು ತಿಳಿಯಾಗಿ, ಸಿಹಿಯಾಗಿ ಇದ್ದರೆ ಫ್ಲೋರೈಡ್ ಇಲ್ಲ: ಸುಳ್ಳು. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಪರೀಕ್ಷೆ ಮಾಡಿಸಿದರೆ ಮಾತ್ರ ತಿಳಿಯುತ್ತದೆ.

• ಮೇಣದಬತ್ತಿಯಂಥ ಸಾದಾ ಫಿಲ್ಟರ್ ಸಾಕು: ಸುಳ್ಳು. ಅದು ಮಣ್ಣನ್ನು ತಡೆಯುತ್ತದೆ, ಅಯಾನನ್ನಲ್ಲ. ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ, ಅಲ್ಯುಮಿನಾ ಫಿಲ್ಟರ್, ಆರ್‌ಒ ಇವು ಫ್ಲೋರೈಡ್ ಕಡಿಮೆ ಮಾಡುತ್ತವೆ.

• ಆಸ್ಪಿರಿನ್ ಕಂಪನಿಯ ಬೇಯರ್, ನೊಬೆಲ್ ಪಡೆದ ಬೇಯರ್ ಒಬ್ಬರೇ: ಸುಳ್ಳು.

ಬೇಯರ್ ತಮ್ಮ ಬಟ್ಟಲಿನ ಬಗ್ಗೆ ಉತ್ಪ್ರೇಕ್ಷೆ ಬರೆಯಲಿಲ್ಲ. ಏನು ಸೇರಿಸಿದೆ, ಏನು ಬಂತು ಎಂದಷ್ಟೇ ಬರೆದಿಟ್ಟರು. ತಮಗೆ ಅರ್ಥವಾಗದ್ದಕ್ಕೆ ಕಥೆ ಕಟ್ಟಲಿಲ್ಲ. ಆ ನೇರ ಬರಹದ ಜಾಡು ಹಿಡಿದೇ 110 ವರ್ಷಗಳ ನಂತರ ಇನ್ನೊಂದು ದೇಶದವರು ಅದೇ ಹರಳನ್ನು ಮಾಡಿ, ಹೊಸ ಪ್ರಶ್ನೆ ಕೇಳಲು ಸಾಧ್ಯವಾಯಿತು. ಅವರ ದೊಡ್ಡ ಉಂಗುರದ ಲೆಕ್ಕ ತಪ್ಪಾಯಿತು, ಆದರೆ ಕಂಡದ್ದನ್ನು ಕಂಡ ಹಾಗೆ ಬರೆದದ್ದು ಉಳಿಯಿತು. ಮುಂದಿನ ಸಲ ನೀರಿನ ಬಗ್ಗೆ, ಔಷಧದ ಬಗ್ಗೆ ಒಂದು ಫಾರ್ವರ್ಡ್ ಬಂದಾಗ ನಾವೂ ಅಷ್ಟು ಮಾಡಬಹುದು. ಗೊತ್ತಿರುವಷ್ಟನ್ನು ಮಾತ್ರ ಮುಂದಕ್ಕೆ ಕಳಿಸೋಣ. ನಿಮ್ಮ ಊರಿನ ಬೋರ್‌ವೆಲ್ ನೀರನ್ನು ಇದುವರೆಗೆ ಪರೀಕ್ಷೆ ಮಾಡಿಸಿಲ್ಲದಿದ್ದರೆ, ನಾಳೆಯೇ ಗ್ರಾಮ ಪಂಚಾಯಿತಿಯಲ್ಲಿ ಕೇಳಿ ನೋಡಿ.